ಸಂಶೋಧನೆಗೆ ಕೊಟ್ಟ ತೋಟದ ಲೆಕ್ಕವೂ ಅದರ ಗೋಪ್ಯರಕ್ಷಣೆಯೂ

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಜಮೀನುದಾರರಿಗೆ ಶಾಸ್ತ್ರೀಯ ಸಂಶೋಧನೆಯೆಂಬುದು ಹೊಸ ಸಂಗತಿಯಲ್ಲ. ಕಾಫಿಯ ಎಲೆರೋಗವನ್ನು ಪರೀಕ್ಷಿಸುವುದಕ್ಕಾಗಿ 1915ರಲ್ಲಿಯೇ ಕೊಪ್ಪದ ಸಮೀಪದಲ್ಲಿ ತಾತ್ಕಾಲಿಕವಾದ ಒಂದು ಸಂಶೋಧನಾ ಘಟಕವು ಏರ್ಪಟ್ಟಿತ್ತು. ಹತ್ತು ವರ್ಷಗಳ ತರುವಾಯ, ಎಂದರೆ 1925ರಲ್ಲಿ, ಡಾಕ್ಟರ್ ಕೋಲ್ಮನ್ ಅವರ ಕಾಲದಲ್ಲಿ ಮೈಸೂರು ಸರ್ಕಾರದವರು ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿದರು. ಮುಂದೆ ಅದು ಕಾಫಿ ಮಂಡಲಿಯ ಅಧೀನಕ್ಕೆ ಬಂದು, ಈಗ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ. ಅದೇ ಕೋಲ್ಮನ್ ಅವರು ಅದಕ್ಕೂ ಮೊದಲು, 1910ರಲ್ಲಿ, ಅಡಕೆಯ ಕೊಳೆರೋಗದ ಕಾರಣವನ್ನು ವಿವರಿಸಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಸಿಂಪಡಿಸುವ ಕ್ರಮವು ಬಳಕೆಗೆ ಬಂದುದು ಆ ಕೆಲಸದಿಂದ. ಇವೆಲ್ಲವೂ ನಡೆದದ್ದು ಜಮೀನುದಾರರು ತಮ್ಮ ತೋಟದ ಉಣುಗೋಲನ್ನು ತೆರೆದುಕೊಟ್ಟದ್ದರಿಂದಲೇ ಎಂಬುದನ್ನು ಮರೆಯಲಾಗದು.

ಆದರೆ ಆ ಕಾಲದ ಪರಿಶೋಧಕರು ಕೇಳುತ್ತಿದ್ದುದು ಹೆಚ್ಚಾಗಿ ಎಲೆ, ಕಾಯಿ, ಮಣ್ಣು ಇವುಗಳ ವಿಚಾರ. ಈಗ ಬರುವವರು ಮರದ ವಿಚಾರವನ್ನು ಕೇಳುವುದರ ಜೊತೆಗೆ ಯಜಮಾನನ ವಿಚಾರವನ್ನೂ ಕೇಳುತ್ತಾರೆ. ಸರ್ವೆ ನಂಬರು ಯಾವುದು, ಪಹಣಿಯಲ್ಲಿರುವ ವಿಸ್ತೀರ್ಣವೆಷ್ಟು, ಸಾಗುವಳಿಯಲ್ಲಿರುವುದೆಷ್ಟು, ಸೊಪ್ಪಿನ ಬೆಟ್ಟವುಂಟೆ, ಸಹಕಾರ ಸಂಘದಲ್ಲಿ ಸಾಲವೆಷ್ಟು, ಮಂಡಿಯಲ್ಲಿ ಮುಂಗಡವೆಷ್ಟು, ಕಳೆದ ಸಾಲಿನಲ್ಲಿ ರಾಶಿ ಎಷ್ಟು, ಗೋಟು ಎಷ್ಟು, ಮಕ್ಕಳು ಎಲ್ಲಿದ್ದಾರೆ, ತೋಟವನ್ನು ಮುಂದೆ ನೋಡಿಕೊಳ್ಳುವವರು ಯಾರು. ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ತೋಟದ ಅಕ್ಷಾಂಶ ರೇಖಾಂಶಗಳನ್ನು ಗುರುತುಮಾಡಿಕೊಳ್ಳುತ್ತಾರೆ. ಈ ಪ್ರಶ್ನೆಗಳೊಂದೂ ನಿರರ್ಥಕವಲ್ಲ. ಆದರೆ ಇವುಗಳ ಉತ್ತರವು ಯಾರ ಕೈಯಲ್ಲಿರುತ್ತದೆ, ಎಷ್ಟು ಕಾಲವಿರುತ್ತದೆ, ಇನ್ನು ಯಾರಿಗೆ ಹೋಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಂಡ ಜಮೀನುದಾರರು ವಿರಳ. ಈ ವಿಷಯದಲ್ಲಿ ನಡೆಯತಕ್ಕ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಳದಿ ರೋಗದ ಲೆಕ್ಕ

ಗೋಪ್ಯದ ಅವಶ್ಯಕತೆಯನ್ನು ತಿಳಿಯಲು ಅಡಕೆಯ ಹಳದಿ ಎಲೆ ರೋಗಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ. 1914ರಲ್ಲಿ ಕೇರಳದ ಮೂವಾಟ್ಟುಪುಳದ ಕಡೆಯಲ್ಲಿ ಮೊದಲು ಕಂಡುಬಂದಿತೆನ್ನಲಾದ ಈ ರೋಗವು ಈ ಮೂರು ತಾಲ್ಲೂಕುಗಳ ಎಷ್ಟೋ ತೋಟಗಳನ್ನು ಹಾಳುಗೆಡವಿದೆ. ಕೆಳಗಿನ ಸುತ್ತಿನ ಎರಡು ಮೂರು ಗರಿಗಳಲ್ಲಿ ಎಲೆಯ ತುದಿಯು ಹಳದಿಯಾಗಲಾರಂಭಿಸಿ, ಕ್ರಮೇಣ ಒಳಕ್ಕೆ ಹರಡುತ್ತದೆ. ಬೇರಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಕಾಯಿಯ ತಿರುಳು ಮಿದುವಾಗಿ ಬಣ್ಣಗೆಟ್ಟು, ತಿನ್ನಲು ಅಯೋಗ್ಯವಾಗುತ್ತದೆ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ರೋಗವು ಉಂಟಾಗುವುದೆಂದೂ, ರಸ ಹೀರುವ ಒಂದು ಜಾತಿಯ ಜಿಗಿಹುಳುವು ಅದನ್ನು ಮರದಿಂದ ಮರಕ್ಕೆ ಒಯ್ಯುವುದೆಂದೂ ಪರಿಶೋಧಕರು ಕಂಡುಕೊಂಡಿದ್ದಾರೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧವು ಈವರೆಗೆ ದೊರೆತಿಲ್ಲ. ಗೊಬ್ಬರ, ಸುಣ್ಣ, ಬಸಿಗಾಲುವೆ ಇವುಗಳ ಅಚ್ಚುಕಟ್ಟಿನಿಂದ ಮರವು ಕೆಲವು ಕಾಲ ಫಲ ಕೊಡುವುದುಂಟು, ಅಷ್ಟೆ.

ಇಂಥ ರೋಗವು ಯಾವ ಊರಿನ ಯಾವ ಬಯಲಿನಿಂದ ಯಾವ ಕಡೆಗೆ ಹರಡುತ್ತಿದೆಯೆಂಬುದನ್ನು ತಿಳಿಯಬೇಕಾದರೆ ಒಂದೊಂದು ತೋಟದ ಲೆಕ್ಕವೂ ಬೇಕು. ಆದರೆ ತನ್ನ ತೋಟದಲ್ಲಿ ನೂರಕ್ಕೆ ನಲವತ್ತು ಮರ ಹಳದಿಯಾಗಿದೆಯೆಂದು ಒಬ್ಬ ಜಮೀನುದಾರನು ಬರೆಸಿದ್ದು ಹೆಸರಿನೊಡನೆ ಹೊರಗೆ ಬಿದ್ದರೆ ಆಗುವುದೇನು? ತೋಟಕ್ಕೆ ಬೆಲೆ ಕಟ್ಟುವವರು ಇಳಿಸಿ ಕಟ್ಟುವರು. ಸಾಲ ಕೊಡತಕ್ಕ ಸಂಸ್ಥೆಯು ಆಧಾರ ಸಾಲದೆನ್ನಬಹುದು. ಬೀಜದ ಗೋಟನ್ನೂ ಸಸಿಯನ್ನೂ ಮಾರಿ ನಾಲ್ಕು ಕಾಸು ಕಾಣುತ್ತಿದ್ದವನ ಅಂಗಳಕ್ಕೆ ಮರುವರ್ಷ ಯಾರೂ ಬರುವುದಿಲ್ಲ. ಮಗಳನ್ನು ಕೇಳಿ ಬಂದವರು ತೋಟದ ವಿಚಾರ ಕೇಳಿ ಹಿಂದೆಗೆಯುವುದೂ ಮಲೆನಾಡಿನಲ್ಲಿ ಅಸಂಭವವಲ್ಲ. ಸಾಗುವಳಿಯ ನಿಜವಾದ ವಿಸ್ತೀರ್ಣವು ಪಹಣಿಗಿಂತ ಹೆಚ್ಚೆಂದು ಬರೆಸಿದವನಿಗಂತೂ ಒತ್ತುವರಿಯ ನೋಟೀಸಿನ ಭಯವು ಬೇರೆಯೇ ಉಂಟು.

ಆದಕಾರಣ ಭಯಪಟ್ಟವನು ಸುಳ್ಳು ಬರೆಸುತ್ತಾನೆ. ನಲವತ್ತನ್ನು ಹತ್ತೆನ್ನುತ್ತಾನೆ, ಐದು ಎಕರೆಯನ್ನು ಮೂರೆನ್ನುತ್ತಾನೆ. ಪರಿಹಾರ ಸಿಕ್ಕೀತೆಂದು ಎಣಿಸಿದವನು ಹತ್ತನ್ನು ನಲವತ್ತೆನ್ನುವುದೂ ಉಂಟು. ಹೀಗೆ ಎರಡು ಕಡೆಯಿಂದಲೂ ಕೆಟ್ಟ ಲೆಕ್ಕದ ಮೇಲೆ ನಕ್ಷೆ ಬರೆದರೆ, ರೋಗವಿಲ್ಲದ ಹಳ್ಳಿಯಲ್ಲಿ ರೋಗವೂ ರೋಗವಿರುವ ಹಳ್ಳಿಯಲ್ಲಿ ಆರೋಗ್ಯವೂ ಕಾಣಿಸುವುದು. ಗೋಪ್ಯವೆಂಬುದು ಜಮೀನುದಾರನಿಗೆ ತೋರಿಸುವ ದಾಕ್ಷಿಣ್ಯ ಮಾತ್ರವೆಂದು ಕೆಲವು ಕಿರಿಯ ಪರಿಶೋಧಕರು ತಿಳಿದಿರುವುದುಂಟು, ಅದು ತಪ್ಪು. ಗೋಪ್ಯವಿಲ್ಲದ ಕಡೆ ಲೆಕ್ಕವೇ ಹುಸಿ.

ಇನ್ನೊಂದು ಸಂಗತಿಯೂ ಉಂಟು. ರೋಗವು ಹೆಚ್ಚಾಗಿರುವ ತೋಟದ ನಡುವೆಯೇ ಹಸಿರಾಗಿ, ಗೊನೆ ತುಂಬಿ ನಿಂತಿರುವ ಕೆಲವು ಮರಗಳು ಕಾಣುತ್ತವೆ. ಇಂಥ ಮರಗಳನ್ನು ಆರಿಸಿ, ಅವುಗಳ ಸಂತತಿಯಿಂದ ರೋಗವನ್ನು ತಡೆಯತಕ್ಕ ತಳಿಯನ್ನು ಪಡೆಯುವ ಪ್ರಯತ್ನವು ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರಿಂದ ನಡೆದಿದೆ. ಅಂಥ ಮರವು ಎಲ್ಲಿದೆಯೆಂಬ ವಿವರವು ಹೊರಬಿದ್ದರೆ, ಪರೀಕ್ಷೆ ಮುಗಿಯುವುದಕ್ಕೆ ಮೊದಲೇ ಆ ಮರದ ಕಾಯಿ ಕಳವಾಗುವುದು. ಪೇಟೆಯಲ್ಲಿ ರೋಗನಿರೋಧಕ ಸಸಿಯೆಂಬ ಬೋರ್ಡು ಏಳುವುದು. ಮರದ ಯಜಮಾನನಿಗೂ ಲಾಭವಿಲ್ಲ, ಸಸಿ ಕೊಂಡವನಿಗೂ ಲಾಭವಿಲ್ಲ.

ಕರಾರಿನ ಅರ್ಥ

ತೋಟದಲ್ಲಿ ಬರೆದುಕೊಂಡ ಲೆಕ್ಕವು ಬರೆದುಕೊಂಡವರ ಬಳಿಯಲ್ಲಿಯೇ ಉಳಿಯುವುದೆಂದು ತಿಳಿಯಬಾರದು. ಒಂದು ವಿಶ್ವವಿದ್ಯಾನಿಲಯದವರು ಬಹು ಖರ್ಚಿನಿಂದ ಕೂಡಿಸಿದ ಲೆಕ್ಕವನ್ನು ಮತ್ತೊಂದು ಸಂಸ್ಥೆಯವರು ಬೇರೆ ಪ್ರಶ್ನೆಗಾಗಿ ಕೇಳುವುದು ಸಹಜವೂ ಯುಕ್ತವೂ ಆಗಿದೆ. ಒಂದೇ ತೋಟಕ್ಕೆ ವರ್ಷಕ್ಕೆ ನಾಲ್ಕು ಸಾರಿ ಹೋಗಿ ಅದೇ ಪ್ರಶ್ನೆಯನ್ನು ಕೇಳುವುದಕ್ಕಿಂತ ಇದು ಮೇಲು. ಪರದೇಶಗಳಲ್ಲಿ ಇದಕ್ಕಾಗಿಯೇ ಲೆಕ್ಕದ ಭಂಡಾರಗಳುಂಟು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿಯೂ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 1967ರಲ್ಲಿಯೂ ಇಂಥವು ಪ್ರಾರಂಭವಾದವು. ಭಾರತ ಸರ್ಕಾರದವರು 2012ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ದತ್ತಾಂಶ ಹಂಚಿಕೆಯ ನೀತಿಯು ಸರ್ಕಾರಿ ಲೆಕ್ಕಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ: ಯಾರು ಬೇಕಾದರೂ ನೋಡತಕ್ಕವು, ಹೆಸರು ನೊಂದಾಯಿಸಿಕೊಂಡವರು ನೋಡತಕ್ಕವು, ವಿಶೇಷ ಅಪ್ಪಣೆ ಪಡೆದವರು ಮಾತ್ರ ನೋಡತಕ್ಕವು.

ಹೀಗೆ ಲೆಕ್ಕವನ್ನು ಮತ್ತೊಬ್ಬರಿಗೆ ಕೊಡುವಾಗ ಬರೆಸಿಕೊಳ್ಳತಕ್ಕ ಕಾಗದವೇ ಲೈಸನ್ಸು ಕರಾರು. ತೋಟವನ್ನು ಗೇಣಿಗೆ ಕೊಟ್ಟದ್ದಕ್ಕೂ ಮಾರಿದ್ದಕ್ಕೂ ಇರುವ ಭೇದವನ್ನು ಬಲ್ಲ ಜಮೀನುದಾರರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಲೈಸನ್ಸಿನಿಂದ ಲೆಕ್ಕವು ಪಡೆದವನ ಸ್ವತ್ತಾಗುವುದಿಲ್ಲ. ಹೇಳಿದ ಕೆಲಸಕ್ಕೆ, ಹೇಳಿದ ಕಾಲದವರೆಗೆ, ಹೇಳಿದ ಜನರು ಬಳಸತಕ್ಕ ಅನುಮತಿ ಮಾತ್ರ ದೊರೆಯುತ್ತದೆ. ಹಳದಿ ರೋಗದ ಹರಡುವಿಕೆಯನ್ನು ತಿಳಿಯಲು ಪಡೆದ ಲೆಕ್ಕವನ್ನು ಗೊಬ್ಬರದ ಕಂಪೆನಿಗೆ ಗಿರಾಕಿಗಳ ಪಟ್ಟಿ ಮಾಡಿಕೊಡಲು ಬಳಸತಕ್ಕದ್ದಲ್ಲ. ಪಡೆದವನು ತನ್ನ ಸಹೋದ್ಯೋಗಿಗೆ ನಕಲು ಕೊಡತಕ್ಕದ್ದಲ್ಲ. ಆ ಸಹೋದ್ಯೋಗಿಯ ಹೆಸರು ಕರಾರಿನ ಜಾಬಿತೆಯಲ್ಲಿದ್ದರೆ ಮಾತ್ರ ಕೊಡಬಹುದು. ಲೆಕ್ಕವು ಕಳವಾದರೆ ಅಥವಾ ಕಳೆದರೆ ಮುಚ್ಚಿಡದೆ ಕೂಡಲೇ ಕೊಟ್ಟವರಿಗೆ ತಿಳಿಸತಕ್ಕದ್ದು.

ಇವೆಲ್ಲಕ್ಕಿಂತ ಮುಖ್ಯವಾದ ಷರತ್ತು ಮತ್ತೊಂದು. ಲೆಕ್ಕದಲ್ಲಿ ಹೆಸರಿಲ್ಲದಿದ್ದರೂ, ಇದು ಯಾರ ತೋಟವಿರಬಹುದೆಂದು ಪತ್ತೆಹಚ್ಚುವ ಪ್ರಯತ್ನವನ್ನೇ ಮಾಡುವುದಿಲ್ಲವೆಂದು ಪಡೆದವನು ಮುಚ್ಚಳಿಕೆ ಬರೆದುಕೊಡತಕ್ಕದ್ದು. ಆಕಸ್ಮಿಕವಾಗಿ ತಿಳಿದುಬಂದರೂ ಅದನ್ನು ಬಾಯಿಬಿಟ್ಟು ಹೇಳತಕ್ಕದ್ದಲ್ಲ. ಈ ಷರತ್ತಿಲ್ಲದ ಕರಾರನ್ನು ಕರಾರೆಂದು ಎಣಿಸಬೇಕಾಗಿಲ್ಲ.

ಕರಾರನ್ನು ಮುರಿದವನ ಮೇಲೆ ಕೋರ್ಟಿಗೆ ಹೋಗಬಹುದಾದರೂ, ಒಮ್ಮೆ ಹೊರಬಿದ್ದ ಗುಟ್ಟನ್ನು ಡಿಕ್ರಿಯಿಂದ ಒಳಕ್ಕೆ ಹಾಕಲು ಬರುವುದಿಲ್ಲ. ದೊಡ್ಡ ಭಂಡಾರಗಳವರು ಆದಕಾರಣ ಬೇರೊಂದು ಉಪಾಯವನ್ನು ಹಿಡಿದಿದ್ದಾರೆ: ಷರತ್ತು ಮುರಿದವನಿಗೂ, ಕೆಲವು ಸಂದರ್ಭಗಳಲ್ಲಿ ಅವನ ಸಂಸ್ಥೆಗೇ ಕೂಡ, ಮುಂದೆ ಲೆಕ್ಕ ಕೊಡುವುದನ್ನು ನಿಲ್ಲಿಸಿಬಿಡುತ್ತಾರೆ. ಒಬ್ಬನ ಅಜಾಗ್ರತೆಯಿಂದ ಇಡೀ ವಿಭಾಗದ ಕೆಲಸ ನಿಲ್ಲುವುದೆಂಬ ಭಯವು ಜುಲ್ಮಾನೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಸರು ತೆಗೆದರೆ ಸಾಲದು

ಹೆಸರನ್ನು ಬರೆದುಕೊಳ್ಳುವುದೇ ಇಲ್ಲ, ಇನ್ನೇನು ಭಯ ಎಂದು ಪರಿಶೋಧಕರು ಹೇಳುವುದುಂಟು. ಪೇಟೆಯಲ್ಲಿ ಈ ಮಾತು ಸ್ವಲ್ಪ ಮಟ್ಟಿಗೆ ನಿಜವಾಗಬಹುದು. ಹದಿನೈದು ಮನೆಗಳ ಮಲೆನಾಡಿನ ಹಳ್ಳಿಯಲ್ಲಿ ನಿಜವಲ್ಲ. ಮೊದಲನೆಯದಾಗಿ, ಸರ್ವೆ ನಂಬರೇ ಹೆಸರು. ಭೂಮಿ ಯೋಜನೆಯಿಂದ ಗಣಕಯಂತ್ರಕ್ಕೆ ಏರಿರುವ ಪಹಣಿಯನ್ನು ಯಾರು ಬೇಕಾದರೂ ನೋಡಬಹುದಾದ್ದರಿಂದ, ಗ್ರಾಮ ಮತ್ತು ಸರ್ವೆ ನಂಬರು ತಿಳಿದವನಿಗೆ ಯಜಮಾನನ ಹೆಸರು ತಿಳಿಯಲು ಎರಡು ನಿಮಿಷವೂ ಬೇಡ. ಎರಡನೆಯದಾಗಿ, ಹೆಸರೂ ನಂಬರೂ ಇಲ್ಲದೆ ವಿವರದಿಂದಲೇ ಮನುಷ್ಯನು ಗುರುತಾಗುತ್ತಾನೆ. ಹೊಳೆಯ ದಂಡೆಯಲ್ಲಿ ಹನ್ನೆರಡು ಎಕರೆ ಅಡಕೆ, ಜೊತೆಗೆ ಕಾಫಿ ಮತ್ತು ಏಲಕ್ಕಿ, ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ ಎಂದು ಬರೆದರೆ, ಆ ಕಡೆಯ ಕೊನೆಗಾರರಲ್ಲಿ ಯಾರನ್ನು ಕೇಳಿದರೂ ಹೆಸರು ಹೇಳಿಬಿಡುವರು. ವರ್ಷಕ್ಕೆ ಹಲವು ಸಾರಿ ಮರ ಹತ್ತಿ ಕಂಡವರಿಗೆ ತಿಳಿಯದ ತೋಟವುಂಟೆ?

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಒಂದು ಗ್ರಾಮದಲ್ಲಿ 41 ತೋಟಗಳಿವೆಯೆಂದು ಇಟ್ಟುಕೊಳ್ಳೋಣ. ವರದಿಯ ತಖ್ತೆಯಲ್ಲಿ ಒಂದು ಎಕರೆಗಿಂತ ಕಡಮೆಯವು 19, ಒಂದರಿಂದ ಎರಡೂವರೆ ಎಕರೆಯವು 14, ಎರಡೂವರೆಯಿಂದ ಐದರವರೆಗಿನವು 7, ಐದಕ್ಕೆ ಮೇಲ್ಪಟ್ಟುದು 1 ಎಂದು ಅಚ್ಚಾಗಿ, ಪ್ರತಿ ಸಾಲಿನ ಮುಂದೆ ರೋಗದ ಪ್ರಮಾಣವೂ ಸಾಲದ ಸರಾಸರಿಯೂ ಇದ್ದರೆ, ಕೊನೆಯ ಸಾಲಿನ ಸರಾಸರಿಯೆಂಬುದು ಸರಾಸರಿಯಲ್ಲ, ಒಬ್ಬ ಮನುಷ್ಯನ ಮನೆಯ ಗುಟ್ಟು. ಆ ಸಾಲಿನ ಅಂಕಿಗಳನ್ನು ಮಾತ್ರ ಅಳಿಸಿ ಗೀಟು ಹಾಕಿದರೆ ಸಾಕೆಂದು ತೋರಬಹುದು. ಆದರೆ ಕೆಳಗೆ ಗ್ರಾಮದ ಒಟ್ಟು ಮೊಬಲಗು ಹಾಗೆಯೇ ಉಳಿದಿದ್ದರೆ, ಮೇಲಿನ ಮೂರು ಸಾಲುಗಳ ಮೊತ್ತವನ್ನು ಕಳೆದು ನಾಲ್ಕನೆಯದನ್ನು ಮೂರನೆಯ ತರಗತಿಯ ಹುಡುಗನೂ ಕಂಡುಹಿಡಿಯುವನು. ಆದಕಾರಣ ಕೊನೆಯ ಎರಡು ಸಾಲುಗಳನ್ನು ಸೇರಿಸಿ, ಎರಡೂವರೆ ಎಕರೆಗೆ ಮೇಲ್ಪಟ್ಟವು 8 ಎಂದು ಒಂದೇ ಸಾಲಾಗಿ ಬರೆಯತಕ್ಕದ್ದು. ಆಗಲೂ ಎಂಟರಲ್ಲಿ ಒಬ್ಬನದು ಮಾತ್ರ ಬಹು ದೊಡ್ಡದಾದರೆ ಸರಾಸರಿಯು ಅವನ ಕಡೆಗೇ ವಾಲುವುದರಿಂದ, ಇಂಥ ಕಡೆ ಗ್ರಾಮವಾರು ತಖ್ತೆಯನ್ನು ಬಿಟ್ಟು ಹೋಬಳಿವಾರು ತಖ್ತೆಯನ್ನು ಅಚ್ಚುಮಾಡುವುದು ಕ್ಷೇಮ.

ಇದರಂತೆಯೇ ಸ್ಥಳದ ಗುರುತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ಸಮೀಕ್ಷೆಗಳ ಲೆಕ್ಕವನ್ನು ಜಗತ್ತಿನ ಪರಿಶೋಧಕರಿಗೆ ಕೊಡತಕ್ಕ ಡಿ.ಎಚ್.ಎಸ್. ಎಂಬ ಕಾರ್ಯಕ್ರಮದಲ್ಲಿ ಒಂದು ಜಾಣತನದ ಕ್ರಮವನ್ನು ಅನುಸರಿಸುತ್ತ ಬಂದರು. ಸಮೀಕ್ಷೆ ನಡೆದ ಹಳ್ಳಿಯ ಬಿಂದುವನ್ನು ನಕ್ಷೆಯಲ್ಲಿ ಬೇಕೆಂದೇ 5 ಕಿಲೋಮೀಟರಿನವರೆಗೆ ಯಾವುದಾದರೊಂದು ದಿಕ್ಕಿಗೆ ಸರಿಸಿ, ಕೆಲವನ್ನು 10 ಕಿಲೋಮೀಟರಿನವರೆಗೂ ಸರಿಸಿ, ಪಟ್ಟಣದ ಬಿಂದುವನ್ನಾದರೆ 2 ಕಿಲೋಮೀಟರಿನ ಒಳಗೆ ಸರಿಸಿ ಕೊಡುವುದು. ಜಿಲ್ಲೆಯ ಸ್ಥಿತಿಯನ್ನು ತಿಳಿಯುವವನಿಗೆ ಇದರಿಂದ ಬಾಧಕವಿಲ್ಲ. ಮನೆ ಹುಡುಕುವವನಿಗೆ ಮಾತ್ರ ದಾರಿ ತಪ್ಪುತ್ತದೆ. ರೋಗವು ಮರದಿಂದ ಮರಕ್ಕೆ ಹಬ್ಬುವ ಬಗೆಯನ್ನು ಪರೀಕ್ಷಿಸುವವರಿಗೆ ನಿಜವಾದ ಬಿಂದುವೇ ಬೇಕಾಗುವುದರಿಂದ, ಅವರಿಗೆ ಹೆಚ್ಚು ಬಿಗಿಯಾದ ಕರಾರಿನ ಮೇಲೆ, ಭಂಡಾರದ ಕೊಠಡಿಯಲ್ಲಿಯೇ ಕುಳಿತು ನೋಡತಕ್ಕದ್ದೆಂಬ ಷರತ್ತಿನಿಂದ ಕೊಡುವುದುಂಟು.

ಮೊಬೈಲಿನ ಚಿತ್ರದ ವಿಷಯವು ಅನೇಕರಿಗೆ ತಿಳಿಯದು. ಎಲೆಯ ಚಿತ್ರವೊಂದನ್ನು ತೆಗೆದಾಗ, ಸ್ಥಳದ ಗುರುತಿನ ಏರ್ಪಾಡು ತೆರೆದಿದ್ದರೆ, ಅಕ್ಷಾಂಶ ರೇಖಾಂಶಗಳೂ ದಿನ ವೇಳೆಗಳೂ ಚಿತ್ರದ ಕಡತದೊಳಗೆ ಕಣ್ಣಿಗೆ ಕಾಣದಂತೆ ಬರೆಯಲ್ಪಡುತ್ತವೆ. ಬರಿಯ ಎಲೆಯೆಂದು ನಂಬಿ ಹಂಚಿದವನು ತೋಟದ ಬಾಗಿಲನ್ನೇ ತೋರಿಸಿಕೊಟ್ಟಂತಾಗುವುದು.

ಇಡತಕ್ಕ ಕ್ರಮ

ತೋಟದಲ್ಲಿ ಬರೆದುಕೊಂಡ ಹಾಳೆಯ ಮೇಲೆ ಹೆಸರಿಗೆ ಬದಲಾಗಿ ಒಂದು ಸಂಕೇತಸಂಖ್ಯೆಯನ್ನು ಮಾತ್ರ ಬರೆದು, ಯಾವ ಸಂಖ್ಯೆಗೆ ಯಾವ ಹೆಸರೆಂಬ ಕೀಲಿಪಟ್ಟಿಯನ್ನು ಬೇರೆ ಪುಸ್ತಕದಲ್ಲಿ, ಬೇರೆ ಬೀರುವಿನಲ್ಲಿ, ಬೇರೊಬ್ಬ ಅಧಿಕಾರಿಯ ವಶದಲ್ಲಿ ಇಡತಕ್ಕದ್ದು. ಹಾಳೆಯೂ ಕೀಲಿಪಟ್ಟಿಯೂ ಒಂದೇ ಚೀಲದಲ್ಲಿ ಬಸ್ಸಿನಲ್ಲಿ ಹೋಗುವಂತಿದ್ದರೆ ಸಂಕೇತಸಂಖ್ಯೆಯಿಂದ ಪ್ರಯೋಜನವೇನೂ ಇಲ್ಲ. ಗಣಕಯಂತ್ರದಲ್ಲಿಟ್ಟ ಲೆಕ್ಕಕ್ಕೆ ಪಾಸ್‌ವರ್ಡಿನ ಬೀಗವಷ್ಟೇ ಅಲ್ಲದೆ, ಲೆಕ್ಕವನ್ನೇ ಗುಪ್ತಲಿಪಿಗೆ ತಿರುಗಿಸಿ ಇಡುವ ಏರ್ಪಾಡು ಇರತಕ್ಕದ್ದು; ಇಲ್ಲವಾದರೆ ಯಂತ್ರವನ್ನು ಕದ್ದವನು ಅದರ ತಟ್ಟೆಯನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಿಕೊಳ್ಳುವನು. ಪೆನ್ ಡ್ರೈವಿನಲ್ಲಿ ಲೆಕ್ಕವನ್ನು ಒಯ್ಯುವುದೂ, ವಾಟ್ಸಾಪಿನ ಗುಂಪಿನಲ್ಲಿ ತಖ್ತೆಯ ಚಿತ್ರವನ್ನು ಹಾಕುವುದೂ ಈಗ ಎಲ್ಲೆಲ್ಲಿಯೂ ಕಾಣುವ ದುರಭ್ಯಾಸಗಳು. ಕೆಟ್ಟ ಉದ್ದೇಶದಿಂದ ಹೊರಬಿದ್ದ ಗುಟ್ಟಿಗಿಂತ ಅವಸರದಿಂದ ಹೊರಬಿದ್ದ ಗುಟ್ಟೇ ಹೆಚ್ಚೆನ್ನಬಹುದು.

ಕಾಪಾಡುವುದೆಂದರೆ ಕಳವಿನಿಂದ ಕಾಪಾಡುವುದು ಮಾತ್ರವಲ್ಲ, ನಾಶದಿಂದಲೂ ಕಾಪಾಡತಕ್ಕದ್ದು. ಆಷಾಢದ ಮಳೆಯಲ್ಲಿ ಶೃಂಗೇರಿಯ ಕಡೆಯ ಮನೆಗಳಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯದಿರುವುದು ಅಪೂರ್ವ. ಹಾಳೆಗಳನ್ನು ಅಟ್ಟದ ಮೇಲೆ ಕಟ್ಟಿಡುವುದಕ್ಕಿಂತ, ಕೂಡಲೇ ನಕಲು ಮಾಡಿ, ಮತ್ತೊಂದು ಪ್ರತಿಯನ್ನು ಬೇರೆ ಊರಿನ ಕಚೇರಿಯಲ್ಲಿ ಅಷ್ಟೇ ಬಿಗಿಯಾದ ಬೀಗದೊಳಗೆ ಇಡುವುದು ಯೋಗ್ಯ.

ಕಾನೂನಿನ ಆಸರೆ

ಜನಗಣತಿಯ ವಿಷಯದಲ್ಲಿ ಕಾನೂನು ಬಹು ಬಿಗಿಯಾಗಿದೆ. 1948ರ ಜನಗಣತಿ ಶಾಸನದ 15ನೆಯ ಪ್ರಕರಣದಂತೆ ಗಣತಿಯ ದಫ್ತರನ್ನು ಹೊರಗಿನವರು ಪರಿಶೀಲಿಸುವ ಹಕ್ಕಿಲ್ಲ. ಸಾಕ್ಷ್ಯವಾಗಿ ಕೋರ್ಟಿನಲ್ಲಿ ಹಾಜರುಮಾಡಲೂ ಬರುವುದಿಲ್ಲ. 2008ರ ಅಂಕಿಅಂಶ ಸಂಗ್ರಹಣ ಶಾಸನದ ಪ್ರಕಾರ ಸಂಗ್ರಹಿಸಿದ ವಿವರವನ್ನು ಅಂಕಿಅಂಶದ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದೆಂದು ವಿಧಿಯುಂಟು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧಕ್ಕಾಗಿ ಕೂಡಿಸಿದ ಲೆಕ್ಕಕ್ಕೆ ಇಂಥ ಕೋಟೆಯಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು ಈಚಿನದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ವಿಧಿಗಳು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಟ್ಟಿದೆ. ಈ ಶಾಸನದ ವಿಷಯದಲ್ಲಿ ಎರಡು ಸಂಗತಿಗಳನ್ನು ಜಮೀನುದಾರರು ತಿಳಿದಿರುವುದು ಒಳ್ಳೆಯದು. ಕಾಗದದ ಮೇಲೆಯೇ ಉಳಿದ ಲೆಕ್ಕಕ್ಕೆ ಅದು ಅನ್ವಯಿಸುವುದಿಲ್ಲ. ಗಣಕಯಂತ್ರಕ್ಕೆ ಏರಿದ ಮೇಲೆ ಮಾತ್ರ ಅನ್ವಯಿಸುವುದು. ಅಲ್ಲದೆ 17ನೆಯ ಪ್ರಕರಣದಲ್ಲಿ ಸಂಶೋಧನೆಗೆ ವಿನಾಯಿತಿಯುಂಟು: ಆ ವಿವರವನ್ನು ಆಯಾ ವ್ಯಕ್ತಿಯ ವಿಷಯದಲ್ಲಿ ಯಾವ ತೀರ್ಮಾನವನ್ನು ಕೈಕೊಳ್ಳುವುದಕ್ಕೂ ಬಳಸದೆ, ಗೊತ್ತುಪಡಿಸಿದ ಮಟ್ಟಗಳನ್ನು ಅನುಸರಿಸಿ ನಡೆಸಿದರೆ, ಶಾಸನದ ಕಟ್ಟುಪಾಡುಗಳು ಸಂಶೋಧನೆಗೆ ಹತ್ತುವುದಿಲ್ಲ. ಕಾನೂನು ಬಂದಿತು, ಇನ್ನು ಕರಾರೇಕೆ ಎಂಬ ಮಾತು ಇದರಿಂದ ತಾನಾಗಿಯೇ ಬಿದ್ದುಹೋಗುತ್ತದೆ. ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿಯೇ ಕರಾರು ನಿಲ್ಲಬೇಕಾಗಿದೆ.

ವ್ಯಕ್ತಿಯ ವಿಷಯದಲ್ಲಿ ತೀರ್ಮಾನ ಕೂಡದೆಂಬ ಮಾತಿಗೆ ಎರಡು ಮುಖಗಳುಂಟು. ಸಂಶೋಧನೆಯ ಲೆಕ್ಕದಿಂದ ಯಾರ ಮೇಲೆಯೂ ಒತ್ತುವರಿಯ ನೋಟೀಸು ಹೊರಡಕೂಡದು. ಅದರಂತೆಯೇ ಯಾರಿಗೂ ಪರಿಹಾರವೂ ದೊರೆಯಲಾರದು. ಹಳದಿ ರೋಗಕ್ಕಾಗಿ ಅಥವಾ ಎಲೆಚುಕ್ಕೆ ರೋಗಕ್ಕಾಗಿ ಸಹಾಯಧನವನ್ನು ಅಪೇಕ್ಷಿಸತಕ್ಕವರು ತೋಟಗಾರಿಕೆ ಇಲಾಖೆಗೆ ಬೇರೆಯೇ ಅರ್ಜಿಯನ್ನು ಕೊಡಬೇಕು. ಪರಿಶೋಧಕನಿಗೆ ಬರೆಸಿದ್ದರಿಂದ ಅರ್ಜಿ ಕೊಟ್ಟಂತಾಯಿತೆಂದು ನಂಬಿ ಅವಧಿ ಮೀರಿಸಿಕೊಳ್ಳಬಾರದು. ಎರಡು ಕಾಗದಗಳ ಸ್ವಭಾವವೂ ಬೇರೆ: ಸಹಾಯಧನ ಪಡೆದವರ ಪಟ್ಟಿಯು ಸಾರ್ವಜನಿಕರು ನೋಡತಕ್ಕದ್ದು, ಸಂಶೋಧನೆಯ ಹಾಳೆಯು ನೋಡತಕ್ಕದ್ದಲ್ಲ. ರುಜು ಹಾಕುವುದಕ್ಕೆ ಮೊದಲು ಯಾವುದಕ್ಕೆ ಹಾಕುತ್ತಿರುವುದೆಂದು ಕೇಳಿಕೊಳ್ಳತಕ್ಕದ್ದು.

ಜಮೀನುದಾರನೇ ಕರಾರಿಗೆ ಒಳಪಟ್ಟಾಗ

ಈವರೆಗೆ ಹೇಳಿದುದು ಇತರರು ಜಮೀನುದಾರನ ಗುಟ್ಟನ್ನು ಕಾಪಾಡತಕ್ಕ ವಿಚಾರ. ಕೆಲವೊಮ್ಮೆ ಜಮೀನುದಾರನೇ ಸಂಸ್ಥೆಯ ಗುಟ್ಟನ್ನು ಕಾಪಾಡಬೇಕಾಗುತ್ತದೆ. ಬಾಳೆಹೊನ್ನೂರಿನ ಸಂಸ್ಥೆಯಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ತಳಿಯನ್ನೂ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ತಳಿಯನ್ನೂ ಈ ಕಡೆಯ ಪ್ಲಾಂಟರು ಬಲ್ಲರು. ಇಂಥ ತಳಿಯೊಂದು ಬಿಡುಗಡೆಯಾಗುವುದಕ್ಕೆ ಮೊದಲು ಅನೇಕ ವರ್ಷ ಪರೀಕ್ಷೆಗೆ ಒಳಪಡಬೇಕಾಗಿದೆ. ಕೆಲವು ಪರೀಕ್ಷೆಗಳು ಖಾಸಗಿ ತೋಟಗಳಲ್ಲಿ ನಡೆಯುವುದುಂಟು. ಆಗ ಕೊಟ್ಟ ಸಸಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಸಸಿಯನ್ನಾಗಲಿ ಅದರ ಬೀಜವನ್ನಾಗಲಿ ನೆಂಟರಿಗೆ ಕೊಡುವುದಿಲ್ಲವೆಂದೂ, ಇಳುವರಿಯ ಅಂಕಿಗಳನ್ನು ಪ್ರಕಟಿಸುವುದಿಲ್ಲವೆಂದೂ ಕರಾರಿನಲ್ಲಿ ಬರೆದಿರುತ್ತದೆ.

ನೆಂಟರಿಗೆ ನಾಲ್ಕು ಬೀಜ ಕೊಟ್ಟರೆ ಪ್ರಪಂಚ ಮುಳುಗೀತೆ ಎಂದು ತೋರುವುದು ಸಹಜ. ಆದರೆ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಶಾಸನದಂತೆ, ಹೊಸ ತಳಿಯೆಂದು ನೋಂದಣಿ ಪಡೆಯಬೇಕಾದರೆ, ಅರ್ಜಿಯ ದಿನಕ್ಕೆ ಹಿಂದೆ ಒಂದು ವರ್ಷಕ್ಕಿಂತ ಮುಂಚಿತವಾಗಿ ಅದು ತಳಿಗಾರನ ಒಪ್ಪಿಗೆಯಿಂದ ಭಾರತದಲ್ಲಿ ಮಾರಾಟವಾಗಿರಕೂಡದು, ವಿಲೇವಾರಿಯಾಗಿರಕೂಡದು. ಮಾರಾಟವಿಲ್ಲದ ಬರಿಯ ಪರೀಕ್ಷೆಯಿಂದ ಬಾಧಕವಿಲ್ಲ. ಬೀಜವು ಕರಾರಿಗೆ ವಿರುದ್ಧವಾಗಿ ಕೈಬದಲಾಗಲು ತೊಡಗಿದರೆ, ಅದು ಪರೀಕ್ಷೆಯೋ ವಿಲೇವಾರಿಯೋ ಎಂಬ ತಕರಾರು ಹುಟ್ಟಿ, ಮರಗಳಿಗೆ 18 ವರ್ಷಗಳವರೆಗೆ ದೊರೆಯಬಹುದಾದ ಹಕ್ಕು ಅಪಾಯಕ್ಕೆ ಸಿಕ್ಕುವುದು. ತಳಿಯು ರೋಗಕ್ಕೆ ತುತ್ತಾಗುವಂಥದೆಂದು ಮುಂದೆ ಕಂಡುಬಂದು ಸಂಸ್ಥೆಯವರು ಕೈಬಿಟ್ಟರೂ, ನೆಂಟರ ತೋಟದಲ್ಲಿ ಅದು ಉಳಿದೇ ಇರುತ್ತದೆ. ಇದೇ ಶಾಸನವು ರೈತನು ತಾನೇ ಕಾಪಾಡಿಕೊಂಡು ಬಂದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಲು ಹಕ್ಕು ಕೊಟ್ಟಿರುವುದನ್ನೂ ತಿಳಿದಿರತಕ್ಕದ್ದು. ಆದಕಾರಣ ತೋಟದ ಉತ್ತಮ ಮರದಿಂದ ಮಾದರಿ ಕೊಡುವಾಗ, ಆ ಮಾದರಿಯಿಂದ ಮುಂದೆ ತಳಿಯು ಹುಟ್ಟಿದರೆ ತನ್ನ ಪಾಲೇನೆಂಬುದನ್ನು ಕರಾರಿನಲ್ಲಿ ಬರೆಸದೆ ಕೊಡಬಾರದು.

ಊರಿನ ಪ್ರಮುಖರು ಗಮನಿಸತಕ್ಕ ವಿಷಯಗಳು

ಪರಿಶೋಧಕರು ಊರಿಗೆ ಬಂದರೆ ಮೊದಲು ಹೋಗುವುದು ಊರಿನ ಪ್ರಮುಖರ ಮನೆಗೆ. ಪ್ರಮುಖರು ಅವರನ್ನು ಆದರಿಸಿ, ಜಗಲಿಯ ಮೇಲೆ ಕೂರಿಸಿ, ಒಬ್ಬೊಬ್ಬರನ್ನಾಗಿ ಅಲ್ಲಿಗೇ ಕರೆಸಿ ಬರೆಸುವುದು ವಾಡಿಕೆ. ಇದು ಉಪಚಾರದ ದೃಷ್ಟಿಯಿಂದ ಸರಿ, ಗೋಪ್ಯದ ದೃಷ್ಟಿಯಿಂದ ಸರಿಯಲ್ಲ. ಸಂಘದ ಅಧ್ಯಕ್ಷರು ಎದುರಿಗೆ ಕುಳಿತಿರುವಾಗ ಸಂಘದ ಸಾಲದ ನಿಜವನ್ನು ಹೇಳುವವನಾರು? ಕೂಲಿಗೆ ಬರುವವನು ಧಣಿಯ ಜಗಲಿಯಲ್ಲಿ ಕೂಲಿಯ ದರವನ್ನು ಹೇಳುವನೆ? ಕಾಫಿ ಕೊಟ್ಟು, ದಾರಿ ತೋರಿಸಿ, ಅವರವರ ತೋಟಕ್ಕೆ ಕಳುಹಿಸಿ, ತಾವು ಹಿಂದೆ ಉಳಿಯುವುದೇ ಪ್ರಮುಖರು ಮಾಡಬಹುದಾದ ದೊಡ್ಡ ಸಹಾಯ. ಬರೆದ ಹಾಳೆಗಳನ್ನು ತೋರಿಸಿರೆಂದು ಕೇಳುವುದಾಗಲಿ, ಊರಿನ ದಫ್ತರಿಗೆಂದು ಒಂದು ನಕಲನ್ನು ಬಯಸುವುದಾಗಲಿ ಕೂಡದು. ಕೇಳಿದರೂ ಪರಿಶೋಧಕನು ಕೊಡತಕ್ಕದ್ದಲ್ಲ. ಕೊಟ್ಟರೆ ಅವನು ನಂಬತಕ್ಕವನಲ್ಲವೆಂದು ಅಲ್ಲಿಯೇ ತಿಳಿಯಿತು.

ಬಂದವರ ಬಳಿ ಸಂಸ್ಥೆಯ ಪತ್ರವಿದೆಯೆ, ಒಪ್ಪಿಗೆಯ ಕಾಗದವು ಕನ್ನಡದಲ್ಲಿದೆಯೆ, ಲೆಕ್ಕವನ್ನು ಇಡತಕ್ಕ ಅಧಿಕಾರಿ ಯಾರು, ಬೇರೆಯವರಿಗೆ ಕೊಡುವುದಾದರೆ ಯಾವ ಷರತ್ತಿನ ಮೇಲೆ, ಕೊನೆಗೆ ಅಳಿಸುವುದು ಎಂದು — ಇಷ್ಟನ್ನು ಊರಿನ ಪರವಾಗಿ ಪ್ರಮುಖರು ಕೇಳಬಹುದು. ಒಪ್ಪಿಗೆ ಕೊಡುವುದು ಮಾತ್ರ ಒಬ್ಬೊಬ್ಬರ ಸ್ವಂತ ವಿಚಾರ. ಊರೊಟ್ಟಿನ ಒಪ್ಪಿಗೆಯೆಂಬುದು ಇದರಲ್ಲಿ ನಡೆಯದು. ಒಪ್ಪದವನನ್ನು ಒತ್ತಾಯಪಡಿಸಬಾರದು.

ಕರಾರಿನ ಅವಧಿ ಮುಗಿದಾಗ ಲೆಕ್ಕವನ್ನು ಹಿಂದಕ್ಕೆ ಕೊಡತಕ್ಕದ್ದು ಅಥವಾ ನಾಶಪಡಿಸಿ, ನಾಶಪಡಿಸಿದುದಕ್ಕೆ ರುಜುಮಾಡಿದ ಪತ್ರವನ್ನು ಕೊಡತಕ್ಕದ್ದು. ಈ ಕಡೆಯವರಿಗೆ ಕಡತವೆಂದರೆ ತಿಳಿದಿದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಹಚ್ಚಿ ಗಟ್ಟಿಮಾಡಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಪುಸ್ತಕಗಳನ್ನು ಶೃಂಗೇರಿ ಮಠದಲ್ಲಿ ಬಹು ಕಾಲದಿಂದ ಕಾಪಾಡಿಕೊಂಡು ಬಂದಿದ್ದಾರೆ. ಕಡತದ ಅಕ್ಷರವನ್ನು ಒರಸಿ ಮತ್ತೆ ಮಸಿ ಹಚ್ಚಿದರೆ ಬರೆದುದು ಹೋಗಿಬಿಡುತ್ತಿತ್ತು. ಗಣಕಯಂತ್ರದಲ್ಲಿ ಹಾಗಲ್ಲ. ಅಳಿಸೆಂದು ಗುಂಡಿಯನ್ನೊತ್ತಿದಾಗ ಸಾಮಾನ್ಯವಾಗಿ ಹೋಗುವುದು ಲೆಕ್ಕದ ಹೆಸರನ್ನು ಬರೆದ ಸೂಚಿ ಮಾತ್ರ. ಅಕ್ಷರಗಳು ಅವುಗಳ ಮೇಲೆ ಬೇರೆ ಬರೆಹ ಬೀಳುವವರೆಗೂ ತಟ್ಟೆಯಲ್ಲಿಯೇ ಉಳಿದಿರುತ್ತವೆ, ಬಲ್ಲವನು ಅವನ್ನು ಮತ್ತೆ ಎತ್ತಬಲ್ಲನು. ಆದಕಾರಣ ಮೇಲೆ ಬೇರೆ ಬರೆಹವನ್ನು ತುಂಬಿಯಾಗಲಿ, ಗುಪ್ತಲಿಪಿಯ ಕೀಲಿಯನ್ನೇ ನಾಶಮಾಡಿಯಾಗಲಿ ಅಳಿಸತಕ್ಕದ್ದು. ಬೇರೆ ಊರಿನ ಕಚೇರಿಯಲ್ಲಿಟ್ಟ ಎರಡನೆಯ ಪ್ರತಿಯನ್ನೂ, ಪರಿಶೋಧಕರ ಮೊಬೈಲುಗಳಲ್ಲಿ ಉಳಿದಿರುವ ಚಿತ್ರಗಳನ್ನೂ ಪತ್ರದಲ್ಲಿ ಹೆಸರಿಸಿರಬೇಕು. ಮರೆಯುವುದು ಸಾಮಾನ್ಯವಾಗಿ ಇವನ್ನೇ.

ಅಚ್ಚಾಗಿ ಹೊರಬಂದ ತಖ್ತೆಯಿಂದ ಒಬ್ಬನ ಲೆಕ್ಕವನ್ನು ಮಾತ್ರ ಹಿಂದಕ್ಕೆ ತೆಗೆಯಲು ಸಾಧ್ಯವಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬೇಕೆನ್ನುವವರು ವರದಿಯು ಅಚ್ಚಿಗೆ ಹೋಗುವುದಕ್ಕೆ ಮೊದಲೇ, ತಮ್ಮ ಹಾಳೆಯ ಸಂಕೇತಸಂಖ್ಯೆಯನ್ನು ಕಾಣಿಸಿ, ಲೆಕ್ಕವನ್ನು ವಹಿಸಿಕೊಂಡಿರುವ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಆ ಸಂಖ್ಯೆಯನ್ನು ಒಪ್ಪಿಗೆಯ ಕಾಗದದ ನಕಲಿನ ಮೇಲೆ ಬರೆಸಿಕೊಂಡು ಪಹಣಿಯ ಜೊತೆಯಲ್ಲಿ ಇಟ್ಟುಕೊಂಡಿರುವುದು ಅನುಕೂಲ.